ಮಾತು ಕಡಿಮೆಯವನ ಸರದಿ

"ಮಾಷೇ, ಮತ್ತೆ ಆ ಹಳೇ ಆಟವನ್ನೇ ಆಡುವನಾ? ಅದರಲ್ಲಿ ನನ್ನ ಕಾಗದದಲ್ಲಿ ಬರೆದದ್ದನ್ನು ನಾನು ಮಾಡಬಹುದು. ಯಾರೂ ಬೇಡ ಅನ್ನುವುದಿಲ್ಲ."

ಹೋದ ವರ್ಷ ಆಟಿ ತಿಂಗಳ ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಪಕ್ಕದ ಮನೆ ಹುಡುಗ ಹೀಗೆ ಕೇಳಿದ. ಪ್ಲಸ್ ಟು ಓದುವವನು. ಮನೆಮಾತು ಮಲಯಾಳ, ಹತ್ತನೇ ಕ್ಲಾಸಿನವರೆಗೆ ಓದಿದ್ದೂ ಮಲಯಾಳದಲ್ಲೇ. ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತಾನೆ, ಆದರೆ ಪದ ಹುಡುಕಿ ಹುಡುಕಿ. ಆವತ್ತು ಮೂರು ಗಂಟೆ ಆಡಿದ್ದೆವು. ಅಷ್ಟು ಹೊತ್ತಿನಲ್ಲಿ ಅವನು ಆಡಿದ್ದು ನಾಲ್ಕೈದು ಮಾತು. ಆಟ ನಡೆಸುತ್ತಿದ್ದವನು ನಾನು. ನನಗದು ಕಂಡೇ ಇರಲಿಲ್ಲ. ಅವನು ಕೊಡೆ ಬಿಡಿಸಿಕೊಂಡು ಅಂಗಳಕ್ಕೆ ಇಳಿದು ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಈ ಬರಹ ಅದರಿಂದಲೇ ಹುಟ್ಟಿದ್ದು.

ನಾವು ಆಡುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಉಳಿದ ಲೋಕವೆಲ್ಲ ಅವರದ್ದು: ಕಾವಲುಗಾರ, ರಾಕ್ಷಸ, ಮಳೆ, ಮುಚ್ಚಿದ ಬಾಗಿಲು. "ಈಗ ನೀನು ಏನು ಮಾಡ್ತೀ?" ಎಂದು ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ಡೈಸ್ ಹಾಕುತ್ತೀರಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಈ ಆಟಗಳ ಕಾಲ ಶುರುವಾಯಿತು. ಅದು ಯುದ್ಧದ ಆಟಗಳಿಂದ ಬೆಳೆದು ಬಂದದ್ದು. ಹಾಗಾಗಿ ಅಲ್ಲಿ ಎಲ್ಲದಕ್ಕೂ ಲೆಕ್ಕ ಇದೆ. ಎಷ್ಟು ಅಡಿ ನಡೆಯಬಹುದು, ಕತ್ತಿಯ ಏಟು ಎಷ್ಟು, ಮೈಯಲ್ಲಿ ಇನ್ನೆಷ್ಟು ಜೀವ ಉಳಿದಿದೆ. ಇವೆಲ್ಲ ಆಟಗಾರನ ಕಾಗದದಲ್ಲಿ ಅಂಕಿಯಾಗಿ ಬರೆದಿರುತ್ತವೆ. ಹುಡುಗ "ಹಳೇ ಆಟ" ಅಂದದ್ದು ಇದನ್ನೇ.

ಆವತ್ತು ನಾವು ಆಡಿದ್ದು ಬೇರೆ ಬಗೆಯದ್ದು. ಕಥೆಯನ್ನೇ ಮುಂದಿಟ್ಟುಕೊಂಡ ಆಟ. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಇಂಥವು ತುಂಬಾ ಬಂದಿವೆ. ಇಲ್ಲಿ ನಿಯಮ ಕೇಳುವ ಪ್ರಶ್ನೆಯೇ ಬೇರೆ. ಏಟು ತಾಗಿತಾ ಎಂಬುದಕ್ಕಿಂತ, ಈ ಏಟಿನಿಂದ ಕಥೆ ಎತ್ತ ತಿರುಗಿತು ಎಂಬುದು ಮುಖ್ಯ. ಲೋಕವನ್ನು ಕಟ್ಟುವ ಹಕ್ಕು ಗೇಮ್ ಮಾಸ್ಟರ್ ಒಬ್ಬರದ್ದೇ ಅಲ್ಲ, ಕೂತವರೆಲ್ಲರದ್ದು.

ನಾನು ಇಂಥ ಆಟಗಳನ್ನು ಮೊದಲು ಕಂಡಾಗ ಇದು ನಮ್ಮದೇ ಅಲ್ವಾ ಅನಿಸಿತು. ನಮ್ಮದು ಕಾಸರಗೋಡಿನ ಕುಂಬಳೆ ಸೀಮೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಆಸುಪಾಸು. ಮಳೆಗಾಲದಲ್ಲಿ ಮನೆ ಮನೆಗಳಲ್ಲಿ ತಾಳಮದ್ದಳೆ ನಡೆಯುವುದನ್ನು ಕೇಳುತ್ತಾ ಬೆಳೆದವನು ನಾನು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನವನು ಏನು ಹೇಳುತ್ತಾನೋ ಅದರ ಮೇಲೆ ಇವನ ಮಾತು. ನಮ್ಮ ಜಿಲ್ಲೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧನ ಅರ್ಥ ಕೇಳಿದವರು ಇವತ್ತಿಗೂ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಹಾಗಿರುವಾಗ ಡೈಸು, ಲೆಕ್ಕ ಎಲ್ಲ ನಮಗ್ಯಾಕೆ, ನಮ್ಮವರಿಗೆ ಕಥೆಯ ಆಟವೇ ಸರಿ ಎಂದು ನಾನು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನ ತಪ್ಪಿತ್ತು. ಎಲ್ಲಿ ತಪ್ಪಿತು ಎಂದು ಗೊತ್ತಾಗಲು ಆ ಹುಡುಗ ಬೇಕಾಯಿತು.

ಆವತ್ತು ಆಡಿದ್ದು ಫೇಟ್ ಕೋರ್. 2013ರಲ್ಲಿ ಬಂದ ಆಟ. ಇದರಲ್ಲಿ ನಿಮ್ಮ ಪಾತ್ರದ ಮುಖ್ಯ ಗುಣಗಳನ್ನು ಅಂಕಿಯಲ್ಲಿ ಬರೆಯುವುದಿಲ್ಲ, ಮಾತಿನಲ್ಲಿ ಬರೆಯುತ್ತೀರಿ. ಅದಕ್ಕೆ ಆಸ್ಪೆಕ್ಟ್ ಎಂದು ಹೆಸರು. ಉದಾಹರಣೆಗೆ ಕರ್ಣನ ಪಾತ್ರ ಎಂದಿಟ್ಟುಕೊಳ್ಳಿ. "ಬೇಡಿದವರಿಗೆ ಇಲ್ಲ ಎನ್ನದವನು" ಎಂಬುದು ಅವನ ಒಂದು ಆಸ್ಪೆಕ್ಟ್. ಆಟಗಾರರ ಕೈಯಲ್ಲಿ ಫೇಟ್ ಪಾಯಿಂಟ್ ಎಂಬ ಕೆಲವು ಬಿಲ್ಲೆಗಳಿರುತ್ತವೆ. ಆಸ್ಪೆಕ್ಟ್ ಅವನಿಗೆ ಬಲ ಕೊಡುವ ಕಡೆ ಒಂದು ಪಾಯಿಂಟ್ ಖರ್ಚು ಮಾಡಿದರೆ ಡೈಸಿಗೆ ಎರಡು ಸೇರಿಸಬಹುದು. ಅದೇ ಆಸ್ಪೆಕ್ಟ್ ಹಿಡಿದು ಗೇಮ್ ಮಾಸ್ಟರ್ ಅವನನ್ನು ಕಷ್ಟಕ್ಕೂ ನೂಕಬಹುದು. ಬ್ರಾಹ್ಮಣನ ವೇಷದಲ್ಲಿ ಇಂದ್ರ ಬಂದಿದ್ದಾನೆ, ಕವಚ ಕುಂಡಲ ಕೇಳುತ್ತಿದ್ದಾನೆ, ಕೊಡ್ತೀಯಾ? ಕೊಟ್ಟರೆ ಒಂದು ಪಾಯಿಂಟ್ ಸಿಗುತ್ತದೆ. ಇಲ್ಲ ಅಂದರೆ ಒಂದು ಪಾಯಿಂಟ್ ತೆತ್ತು ತಪ್ಪಿಸಿಕೊಳ್ಳಬೇಕು. ಎಷ್ಟು ಚಂದದ ನಿಯಮ ಇದು! ಗುಣವೇ ದೋಷವೂ ಆಗುವುದನ್ನು ಒಂದೇ ಸಾಲಿನಲ್ಲಿ ಹಿಡಿದುಬಿಟ್ಟಿದೆ. ಯಾವ ಏಟಿನ ಲೆಕ್ಕದಿಂದಲೂ ಕರ್ಣ ಸಿಗುವುದಿಲ್ಲ, ಇಲ್ಲಿ ಸಿಗುತ್ತಾನೆ.

ಆದರೆ ಆಸ್ಪೆಕ್ಟ್ ಬರೆಯಬೇಕಾದವನಿಗೆ ಮಾತು ಬರಬೇಕು. ಅದನ್ನು ಎಲ್ಲಿ ಹೇಗೆ ತರಬಹುದು ಎಂದು ಮೇಜಿನ ಸುತ್ತ ಇರುವವರನ್ನು ಒಪ್ಪಿಸಲೂ ಬರಬೇಕು. ನಮ್ಮಲ್ಲಿ ನನ್ನ ಬಾವ ಹವ್ಯಾಸಿ ಅರ್ಥಧಾರಿ. ಒಳ್ಳೆಯ ಅರ್ಥಧಾರಿ. ಅವನು ತನ್ನ ಯಾವ ಆಸ್ಪೆಕ್ಟನ್ನೂ ಯಾವ ಸಂದರ್ಭಕ್ಕೂ ಕೂಡಿಸುತ್ತಾನೆ, ಕೇಳಿದವರು ತಲೆದೂಗುತ್ತಾರೆ. ಹುಡುಗ ತನ್ನ ಕಾಗದದಲ್ಲಿ ಬರೆದದ್ದು ಒಂದೇ ಪದ, "ಬುದ್ಧಿವಂತ". ಅದನ್ನು ಬಳಸಲು ಒಮ್ಮೆ ನೋಡಿದ. "ಅದು ಇಲ್ಲಿಗೆ ಹೇಗೆ ಬರ್ತದೆ?" ಎಂದು ನಾನೇ ಕೇಳಿದೆ. ಅವನು ಸ್ವಲ್ಪ ಯೋಚಿಸಿ "ಸಾರ ಇಲ್ಲ ಮಾಷೇ, ಬಿಡಿ" ಅಂದ. ಪರವಾಗಿಲ್ಲ ಎನ್ನುವುದಕ್ಕೆ ಮಲಯಾಳದಲ್ಲಿ ಹಾಗನ್ನುತ್ತಾರೆ. ಅಷ್ಟಕ್ಕೆ ಅವನ ಸರದಿ ಮುಗಿಯಿತು.

ಹಳೇ ಆಟದಲ್ಲಿ ಹಾಗಾಗುವುದಿಲ್ಲ. ಬೀಗ ತೆರೆಯುವುದಕ್ಕೆ ಅವನ ಕಾಗದದಲ್ಲಿ ಐದು ಎಂದು ಬರೆದಿದ್ದರೆ ಅದು ಅವನದ್ದು. ಇಪ್ಪತ್ತು ಮುಖದ ಡೈಸ್ ಹಾಕುತ್ತಾನೆ, ಐದು ಕೂಡಿಸುತ್ತಾನೆ, ಬೇಕಾದಷ್ಟು ಬಂದರೆ ಬಾಗಿಲು ತೆರೆಯುತ್ತದೆ. ಅದನ್ನು ಚಂದ ಮಾಡಿ ಹೇಳಬೇಕೆಂದಿಲ್ಲ. ನಾನು ಇಷ್ಟು ವರ್ಷ ಅಂಕಿಗಳನ್ನು ಕಥೆಗೆ ಅಡ್ಡ ಬರುವ ಕಲ್ಲು ಎಂದುಕೊಂಡಿದ್ದೆ. ಮಾತು ಕಡಿಮೆ ಇರುವವನಿಗೆ ಆ ಅಂಕಿಯೇ ಬಾಯಿ.

ಇದು ನಮ್ಮ ಕಾಸರಗೋಡಿನಲ್ಲಿ ಇನ್ನೂ ಜಾಸ್ತಿ ತಾಗುವ ವಿಷಯ. ಇಲ್ಲಿ ಐದು ಜನ ಸೇರಿದರೆ ಮೂರು ಭಾಷೆ ಇರುತ್ತದೆ. ಕನ್ನಡ, ತುಳು, ಮಲಯಾಳ, ಅದರ ಮೇಲೆ ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ. ಯಾವ ಭಾಷೆಯಲ್ಲಿ ಆಡಿದರೂ ಯಾರೋ ಒಬ್ಬರು ತಮ್ಮದಲ್ಲದ ಮಾತಿನಲ್ಲಿ ಆಡುತ್ತಿರುತ್ತಾರೆ. ತನ್ನ ಭಾಷೆ ಬದಿಗೆ ಸರಿದಾಗ ಹೇಗಾಗುತ್ತದೆ ಎಂದು ಇಲ್ಲಿಯ ಕನ್ನಡಿಗನಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಅದನ್ನೇ ಮಾತಾಡುತ್ತಾ ಬಂದಿದ್ದೇವೆ. ನನ್ನದೇ ಜಗಲಿಯಲ್ಲಿ ಅದೇ ಆಗುವಾಗ ಮಾತ್ರ ನನಗೆ ಕಾಣಲಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಆಮೇಲೆ ತಾಳಮದ್ದಳೆಯ ಬಗ್ಗೆ ಮತ್ತೆ ಯೋಚಿಸಿದೆ. ಅಲ್ಲಿ ಮಾತು ಸ್ವತಂತ್ರ, ನಿಜ. ಆದರೆ ಸುತ್ತ ಎಷ್ಟು ಬಿಗಿ ಇದೆ ನೋಡಿ. ಪ್ರಸಂಗ ಮೊದಲೇ ಗೊತ್ತು. ವಾಲಿ ಎಷ್ಟೇ ವಾದ ಮಾಡಲಿ, ಸಾಯುತ್ತಾನೆ. ಸಾಯುವುದು ಗೊತ್ತಿರುವುದರಿಂದಲೇ ರಾಮನನ್ನು ಅಷ್ಟು ಧೈರ್ಯವಾಗಿ ಪ್ರಶ್ನಿಸಬಹುದು. ಎರಡನೆಯದು, ಎದುರು ಒಬ್ಬ ಕೂತಿದ್ದಾನೆ. ಅವನ ಮಾತು ನಿಮ್ಮ ಕೈಯಲ್ಲಿಲ್ಲ. ಮೂರನೆಯದು ಭಾಗವತರು. ಒಬ್ಬನ ಅರ್ಥ ಉದ್ದವಾಯಿತು ಎಂದು ಕಂಡರೆ ಅವರು ಜಾಗಟೆ ತಟ್ಟಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಎಂಥ ದೊಡ್ಡ ಅರ್ಥಧಾರಿಯೂ ಆಗ ಮಾತು ನಿಲ್ಲಿಸಲೇಬೇಕು. ನಾನು ಕಥೆಯ ಆಟದಲ್ಲಿ ಮಾತಿನ ಸ್ವಾತಂತ್ರ್ಯವನ್ನು ಮಾತ್ರ ನೋಡಿದ್ದೆ. ಜಾಗಟೆ ಯಾರ ಕೈಯಲ್ಲಿದೆ ಎಂದು ನೋಡಿರಲಿಲ್ಲ.

ಹಾಗೆ ನೋಡತೊಡಗಿದ ಮೇಲೆ ನನಗೆ ಈ ಆಟಗಳು ಬೇರೆ ಬೇರೆಯಾಗಿ ಕಂಡವು. ಕಥೆಯ ಆಟ ಎಂದರೆ ನಿಯಮ ಕಡಿಮೆ ಇರುವ ಆಟ ಎಂದು ಸುಮಾರು ಜನ ಹೇಳುತ್ತಾರೆ. ಒಳ್ಳೆಯವು ಹಾಗಿಲ್ಲ. ಅವುಗಳಲ್ಲಿ ನಿಯಮ ಬೇರೆ ಜಾಗದಲ್ಲಿ ಇರುತ್ತದೆ, ಅಷ್ಟೇ.

ಅಪೋಕ್ಯಾಲಿಪ್ಸ್ ವರ್ಲ್ಡ್ ಅಂಥದ್ದು. ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ 2010ರಲ್ಲಿ ಹೊರತಂದದ್ದು. ಅದರ ಹಾದಿಯಲ್ಲಿ ಆಮೇಲೆ ಎಷ್ಟೋ ಆಟಗಳು ಬಂದವು. ಮಾಮೂಲಿ ಆರು ಮುಖದ ಎರಡು ಡೈಸ್ ಸಾಕು. ಹಾಕಿ, ನಿಮ್ಮ ಗುಣದ ಅಂಕಿ ಕೂಡಿಸಿ. ಹತ್ತು ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. ಆರು ಅಥವಾ ಕೆಳಗೆ ಬಂದರೆ ಆಟ ನಡೆಸುವವರ ಸರದಿ, ಏನೋ ಕೆಡುತ್ತದೆ. ಏಳರಿಂದ ಒಂಬತ್ತು ಬಂದರೆ ಆಯಿತು, ಆದರೆ ಅದಕ್ಕೆ ಒಂದು ಬೆಲೆ ಇದೆ. ಈ ನಡುವಿನದ್ದಕ್ಕೆ ನಾವು ಇಟ್ಟ ಹೆಸರೇ "ಆದರೆ". ಡೈಸ್ ನಿಂತ ಕೂಡಲೇ ಎಲ್ಲರೂ ಒಟ್ಟಿಗೆ "ಆದರೆ ಬಿತ್ತು!" ಎಂದು ಕೂಗುತ್ತಾರೆ. ಲೆಕ್ಕ ಹಾಕಿ ನೋಡಿ. ಗುಣ ಒಂದು ಇದ್ದವನಿಗೆ ಎರಡು ಡೈಸಿನ 36 ಬಗೆಯಲ್ಲಿ 16 ಬಗೆ "ಆದರೆ". ಪೂರ್ತಿ ಗೆಲುವು 10, ಸೋಲು 10. ಅಂದರೆ ಕಥೆ ನಿಂತಲ್ಲೇ ನಿಲ್ಲುವ ಹಾಗೇ ಇಲ್ಲ. ಹಳೇ ಆಟದಲ್ಲಿ ಬೀಗ ತೆರೆಯಲಿಲ್ಲ ಅಂದರೆ ತೆರೆಯಲಿಲ್ಲ, ಮತ್ತೊಬ್ಬ ಹಾಕುತ್ತಾನೆ, ಮತ್ತೊಬ್ಬ ಹಾಕುತ್ತಾನೆ. ಇಲ್ಲಿ ಬೀಗ ತೆರೆಯಿತು, ಆದರೆ ಒಳಗೆ ದೀಪ ಹತ್ತಿತು.

ಇದಕ್ಕೂ ಒಂದು ದಣಿವಿದೆ. ಒಂದು ಸಂಜೆಗೆ ಮೂವತ್ತು ಸಲ ಡೈಸ್ ಬಿದ್ದರೆ ಹನ್ನೆರಡು ಹದಿಮೂರು ಹೊಸ "ಆದರೆ" ಹುಟ್ಟಿಸಬೇಕು, ಅದೂ ನಿಂತ ನಿಲುವಿನಲ್ಲಿ. ಒಂಬತ್ತು ಗಂಟೆ ಹೊತ್ತಿಗೆ ನನ್ನ ತಲೆ ಖಾಲಿ. ಆಗ ಬರುವ "ಆದರೆ" ಎಲ್ಲ ಒಂದೇ ರೀತಿ, ಯಾರೋ ನೋಡಿಬಿಟ್ಟರು, ಏನೋ ಬಿದ್ದು ಶಬ್ದವಾಯಿತು. ಇನ್ನೊಂದು, ಲೆಕ್ಕ ಹಾಕಿ ಉಪಾಯ ಹೂಡುವುದರಲ್ಲಿ ಸಂತೋಷ ಪಡುವವರಿಗೆ ಇಲ್ಲಿ ಹಿಡಿಯಲು ಜಾಸ್ತಿ ಏನಿಲ್ಲ. ವರ್ಷಗಟ್ಟಲೆ ಒಂದೇ ಪಾತ್ರ ಬೆಳೆಸುವವರಿಗೂ ಹಳೇ ಆಟವೇ ಹೆಚ್ಚು ಕೊಡುತ್ತದೆ.

ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ 2017ರದ್ದು. ಕಳ್ಳರ ಗುಂಪಿನ ಕಥೆ. ಊರು ಅವರದ್ದು ನಮಗೆ ಬೇಡ ಎಂದು ನಾವು ಅದನ್ನು ಕೆಳದಿ ನಾಯಕರ ಕಾಲದ ಬೇಕಲ ಕೋಟೆಗೆ ತಂದೆವು. ಇದರಲ್ಲಿ ಕಳವಿಗೆ ಮೊದಲು ಗಂಟೆಗಟ್ಟಲೆ ಕೂತು ಯೋಜನೆ ಮಾಡುವ ಹಾಗಿಲ್ಲ. ಸೀದಾ ನಡುವಿನಿಂದ ಶುರು. ಅಡ್ಡಿ ಬಂದಾಗ ಫ್ಲಾಶ್‌ಬ್ಯಾಕ್ ಕೇಳಬಹುದು. ಇದಕ್ಕೆ ನಾನು ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದೆ ಎಂದು ಹೇಳಿ, ಅದು ಎಷ್ಟು ಕಷ್ಟದ್ದೋ ಅಷ್ಟು ಸ್ಟ್ರೆಸ್, ಅಂದರೆ ಪಾತ್ರದ ಮೇಲೆ ಬೀಳುವ ಒತ್ತಡದ ಗುರುತು, ಕಾಗದದ ಚೌಕಗಳಲ್ಲಿ ಹಾಕಿಕೊಳ್ಳಬೇಕು.

ನನ್ನ ಚಿಕ್ಕಮ್ಮನ ಮಗಳು ಸಭೆಯಲ್ಲಿ ಬಾಯಿ ಬಿಡುವವಳಲ್ಲ. ಕೋಟೆಯ ಬಾಗಿಲಲ್ಲಿ ಕಾವಲುಗಾರ ತಡೆದ. ಬಾವ ಆಗಲೇ ಗಂಟಲು ಸರಿಮಾಡಿಕೊಂಡಿದ್ದ. ಅವಳು ಕಾಗದದಿಂದ ಕಣ್ಣೆತ್ತದೆ ಹೇಳಿದಳು: "ಅಣ್ಣಾ, ನಾನು ನಿನ್ನೆ ಇವನ ಮನೆಗೆ ಹೋಗಿದ್ದೆ. ಹೆಂಡತಿ ಹೆತ್ತು ಹನ್ನೊಂದು ದಿನ. ಬಾಣಂತಿ ಲೇಹ್ಯ ಕೊಟ್ಟು ಬಂದಿದ್ದೇನೆ. ಇವನಿಗೆ ನನ್ನ ಮುಖ ಗೊತ್ತು." ಎರಡು ಸ್ಟ್ರೆಸ್ ಎಂದೆ. ಅವಳು ಪೆನ್ಸಿಲಿನಲ್ಲಿ ಎರಡು ಚೌಕ ತುಂಬಿದಳು. ಬಾಗಿಲು ತೆರೆಯಿತು. ಬಾವ ಅವಳನ್ನೇ ನೋಡುತ್ತಾ ಕೂತ. ನಾಲ್ಕು ಸಣ್ಣ ವಾಕ್ಯ, ಮೇಲೆ ಎರಡು ಪೆನ್ಸಿಲ್ ಗುರುತು. ಯಾರನ್ನೂ ಒಪ್ಪಿಸುವ ಕೆಲಸ ಅವಳಿಗೆ ಬೀಳಲಿಲ್ಲ. ಬೆಲೆ ಕೊಟ್ಟಳು, ಪಡೆದಳು. ಆ ಕಾಗದದ ಮೇಲಿನ ಚೌಕಗಳು ಹಳೇ ಆಟದ ಆ ಐದರ ಅಂಕಿಯ ಹಾಗೆಯೇ ಕೆಲಸ ಮಾಡಿದವು, ಆದರೆ ಕಥೆಯ ಒಳಗೆ.

ಕಥೆಯ ಆಟಗಳ ಇನ್ನೊಂದು ಕುಂದಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿಯೇ ಇದೆ. "ಬಾಗಿಲಾಚೆ ಏನಿದೆ, ನೀನೇ ಹೇಳು" ಎಂದು ಆಟಗಾರನನ್ನೇ ಕೇಳುವ ಪದ್ಧತಿ. ಕೆಲವರಿಗೆ ಇದು ಖುಷಿ. ನನಗೆ ಬಾಗಿಲು ತೆರೆಯುವ ಸುಖವೇ ಹೋಗುತ್ತದೆ. ಜೇಸನ್ ಕಾರ್ಡೋವಾ ಅವರ ಬ್ರಿಂಡಲ್‌ವುಡ್ ಬೇ ಎಂಬ ಪತ್ತೇದಾರಿ ಆಟದಲ್ಲಿ ಕೊಲೆಗಾರ ಯಾರು ಎಂದು ಗೇಮ್ ಮಾಸ್ಟರಿಗೂ ಗೊತ್ತಿರುವುದಿಲ್ಲ. ಸುಳಿವುಗಳು ಮಾತ್ರ ಇರುತ್ತವೆ. ಆಟಗಾರರು ಅವನ್ನು ಕೂಡಿಸಿ ಒಂದು ಊಹೆ ಕಟ್ಟಬೇಕು, ಡೈಸ್ ಹಾಕಬೇಕು. ಸಿಕ್ಕ ಸುಳಿವುಗಳ ಲೆಕ್ಕ ಸೇರುತ್ತದೆ, ಪ್ರಕರಣ ಎಷ್ಟು ಗೋಜಲಿನದ್ದೋ ಅಷ್ಟು ಕಳೆಯುತ್ತದೆ. ಡೈಸ್ ಒಪ್ಪಿದರೆ ಆ ಊಹೆಯೇ ನಿಜ. ಜಾಣತನದ ಕಟ್ಟು, ಅದರ ಬಗ್ಗೆ ನನಗೆ ಗೌರವವಿದೆ. ಒಂದು ಸಲ ಆಡಿ ಎಲ್ಲರೂ ಸಂತೋಷಪಟ್ಟೆವು. ಆದರೆ ಹುಡುಗ ಆಮೇಲೆ ಕೇಳಿದ, "ಹಾಗಾದರೆ ನಿಜವಾಗಿ ಕೊಂದವರು ಯಾರು ಮಾಷೇ?" ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟ ವಿನ್ಯಾಸ ಮಾಡುವ ಪಾಲ್ ಚೆಗೆ ಹೇಳಿದ ಒಂದು ಮಾತು ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಪಾತ್ರದ ಕಷ್ಟವನ್ನೂ ಅದರ ಪರಿಹಾರವನ್ನೂ ಒಬ್ಬನೇ ಬರೆದರೆ ಆಟದಲ್ಲಿ ರುಚಿ ಇರುವುದಿಲ್ಲ ಎಂಬುದು ಅದರ ಸಾರ. ರಾಮನೂ ನೀನೇ, ವಾಲಿಯೂ ನೀನೇ ಆದರೆ ಬಿಸಿ ಹುಟ್ಟುವುದು ಎಲ್ಲಿಂದ?

ಈಗ ನಾನು ಹೇಳಲೇಬೇಕಾದ ಆಟ ದ ಕ್ವಾಯೆಟ್ ಇಯರ್. ಏವರಿ ಆಲ್ಡರ್ 2013ರಲ್ಲಿ ಹೊರತಂದದ್ದು. ಗೇಮ್ ಮಾಸ್ಟರ್ ಇಲ್ಲ, ಪಾತ್ರಗಳೂ ಇಲ್ಲ. ದೊಡ್ಡ ಬಿಳಿ ಕಾಗದ, ಇಸ್ಪೀಟ್ ಕಟ್ಟು, ಕೆಲವು ಡೈಸ್. ಎಲ್ಲರೂ ಸೇರಿ ಒಂದು ಊರಿನ ನಕ್ಷೆ ಬರೆಯುತ್ತೀರಿ. ಒಂದೊಂದು ಎಲೆ ಒಂದೊಂದು ವಾರ, 52 ಎಲೆ ಒಂದು ವರ್ಷ. ನಾಲ್ಕು ಬಣ್ಣ ನಾಲ್ಕು ಋತು, ಕೊನೆಯದು ಇಸ್ಪೇಟು, ಅವರ ಚಳಿಗಾಲ. ನಾವು ಅದನ್ನು ಮಳೆಗಾಲ ಮಾಡಿಕೊಂಡೆವು. ಆಟಿ ಕಳೆದು ಬರುವ ಸೋಣ ತಿಂಗಳಿಂದ ಶುರುಮಾಡಿ ಮುಂದಿನ ಆಟಿಗೆ ಮುಗಿಯುವ ಹಾಗೆ. ಅಕ್ಕಿ ತೀರುವ ಕಾಲಕ್ಕೆ ಕಥೆಯೂ ಬಿಗಿಯಾಗಬೇಕಲ್ವಾ.

ಇದರಲ್ಲಿ ಮಾತಿಗೆ ಇರುವಷ್ಟು ಕಟ್ಟುಪಾಡು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ಸರದಿಯಲ್ಲಿ ನೀವು ಮಾತ್ರ ನಿರ್ಧರಿಸುತ್ತೀರಿ. ಬೇರೆಯವರು ಸಲಹೆ ಕೊಡುವಂತಿಲ್ಲ. ಚರ್ಚೆ ಬೇಕಾದರೆ ನಿಮ್ಮ ಸರದಿಯ ಕೆಲಸವಾಗಿ ಅದನ್ನೇ ಆರಿಸಬೇಕು. ಆಗ ಪ್ರತಿಯೊಬ್ಬರಿಗೂ ಒಂದೋ ಎರಡೋ ವಾಕ್ಯ, ಅಷ್ಟೇ. ಚರ್ಚೆಯಿಂದ ತೀರ್ಮಾನ ಹೊರಡುವುದೂ ಇಲ್ಲ. ನಿಮ್ಮನ್ನು ಕಡೆಗಣಿಸಿದರು ಅನಿಸಿದರೆ ಒಂದು ಬಿಲ್ಲೆ ತೆಗೆದು ನಿಮ್ಮ ಮುಂದೆ ಇಟ್ಟುಕೊಳ್ಳಬಹುದು. ಅಸಮಾಧಾನದ ಬಿಲ್ಲೆ. ಯಾಕೆ ಎಂದು ವಿವರಿಸಬೇಕಾಗಿಲ್ಲ. ಅದು ಎಲ್ಲರ ಕಣ್ಣೆದುರು ಸುಮ್ನೆ ಕೂತಿರುತ್ತದೆ. ಜಾಗಟೆ ಎಲ್ಲಿದೆ ಎಂದು ಹುಡುಕುತ್ತಿದ್ದೆನಲ್ಲ, ಇಲ್ಲಿ ಅದನ್ನು ನಿಯಮವೇ ಹಿಡಿದುಕೊಂಡಿತ್ತು.

ಆ ರಾತ್ರಿ ನಾಲ್ವರೂ ಇದ್ದೆವು. ಬಾವನಿಗೆ ಎರಡು ವಾಕ್ಯದಲ್ಲಿ ನಿಲ್ಲಿಸುವುದು ಕಷ್ಟವಾಯಿತು, ನಿಲ್ಲಿಸಿದ. ಮೂರನೇ ಸುತ್ತಿನಲ್ಲಿ ಹುಡುಗ ಒಂದು ಬಿಲ್ಲೆ ತೆಗೆದಿಟ್ಟುಕೊಂಡ. ಬಾವ ಅದನ್ನು ನೋಡಿದ, ಏನೂ ಹೇಳಲಿಲ್ಲ, ಆದರೆ ಮುಂದಿನ ಸರದಿಯಲ್ಲಿ ಹುಡುಗ ಬರೆದ ಗದ್ದೆಯ ಬದಿಗೆ ಒಂದು ಕಟ್ಟಪುಣಿ, ಅಂದರೆ ಬದು, ಬರೆದುಕೊಟ್ಟ. ಆಮೇಲೆ ಹುಡುಗನ ಸರದಿ ಬಂತು. ಅವನು ನಕ್ಷೆಯ ಮೇಲಿನ ಗುಡ್ಡದಿಂದ ಗದ್ದೆಯವರೆಗೆ ಒಂದು ತೋಡು ಬರೆದ. ನೀಲಿ ಪೆನ್ನಿನಲ್ಲಿ, ನಿಧಾನವಾಗಿ. ಗುಡ್ಡದ ತುಂಬ ಗೇರುಮರ ಬರೆದ. ಮತ್ತೆ ಹೇಳಿದ, "ಈ ನೀರು ಕುಡಿಯಬಾರದು. ಮೇಲಿನಿಂದ ಮದ್ದು ಬಿಟ್ಟಿದ್ದಾರೆ."

ಯಾರೂ ಮಾತಾಡಲಿಲ್ಲ. ಮಾತಾಡುವ ಹಾಗೂ ಇರಲಿಲ್ಲ, ನಿಯಮವೇ ಹಾಗೆ. ಗೇರುಗುಡ್ಡ, ಮೇಲೆ ಹೆಲಿಕಾಪ್ಟರ್, ಎಂಡೋಸಲ್ಫಾನ್ ಎಂಬ ಕೀಟನಾಶಕ. 2000ದ ಹೊತ್ತಿಗೆ ಸಿಂಪಡಣೆ ನಿಂತರೂ ಅದು ಬಿಟ್ಟುಹೋದದ್ದು ನಮ್ಮ ಪಡ್ರೆ, ಎಣ್ಮಕಜೆ ಕಡೆಯ ಮನೆಗಳಲ್ಲಿ ಇವತ್ತಿಗೂ ಇದೆ. ಆ ಹುಡುಗ ಹುಟ್ಟುವ ಮೊದಲಿನ ಕಥೆ. ಅವನು ಅದನ್ನು ಯಾರಿಂದ ಕೇಳಿದ್ದನೋ, ಯಾರನ್ನು ನೋಡಿ ಬೆಳೆದಿದ್ದನೋ ನಾನು ಕೇಳಲಿಲ್ಲ. ಇಷ್ಟು ವರ್ಷ ಆಡಿದ ಡ್ರ್ಯಾಗನ್ ಬೇಟೆಗಳಲ್ಲಿ ನಮ್ಮ ಊರು ಹೀಗೆ ಮೇಜಿನ ಮೇಲೆ ಬಂದದ್ದೇ ಇಲ್ಲ. ಕಥೆಯ ಆಟಗಳ ಮೇಲೆ ನನಗೆ ಇರುವ ಪ್ರೀತಿಗೆ ಇದೇ ಕಾರಣ. ಇಂಥದ್ದು ಬಂದಾಗ ಕೈಗೆ ಸಿಗುವ ಹಾಗೆ ಏನಾದರೂ ಇರಬೇಕು ಎಂದು ಆವತ್ತೇ ಒಂದು ಎಕ್ಸ್ ಕಾರ್ಡ್ ಮೇಜಿನ ನಡುವೆ ಇಟ್ಟಿದ್ದೆ. ಜಾನ್ ಸ್ಟಾವ್ರೊಪುಲೊಸ್ ಎಂಬವರು ರೂಪಿಸಿದ ಪದ್ಧತಿ ಅದು. ಸಾಕು ಅನಿಸಿದವರು ಕಾರ್ಡ್ ಮುಟ್ಟಿದರೆ ಸಾಕು, ಆ ವಿಷಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳಬಾರದು. ಯಾರೂ ಮುಟ್ಟಲಿಲ್ಲ.

ಮುಂದಿನ ಸರದಿ ತಂಗಿಯದ್ದು. ಅವಳು ಬಾವಿ ತೋಡುವ ಕೆಲಸ ಶುರುಮಾಡಿದಳು. ಕೆಲಸಕ್ಕೆ ಎಷ್ಟು ವಾರ ಬೇಕೋ ಅಷ್ಟು ಅಂಕಿ ಮೇಲೆ ಬರುವ ಹಾಗೆ ಒಂದು ಡೈಸನ್ನು ನಕ್ಷೆಯಲ್ಲಿ ಇಡಬೇಕು. ಅವಳು ಆರು ಇಟ್ಟಳು. ವಾರಕ್ಕೊಂದು ಇಳಿಯುತ್ತಾ ಬಂತು. ಆಗಲೇ ಇಸ್ಪೇಟಿನ ಎಲೆಗಳು ಬರುತ್ತಿದ್ದವು. ಇಸ್ಪೇಟಿನ ರಾಜ ಬಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ಏನು ಅರ್ಧದಲ್ಲಿದೆಯೋ ಅದು ಅರ್ಧದಲ್ಲೇ.

ಬಾವಿಯ ಡೈಸಿನಲ್ಲಿ ಎರಡು ಇರುವಾಗ ಹುಡುಗ ಎಲೆ ತೆಗೆದ. ರಾಜ.

ಆ ನಕ್ಷೆಯನ್ನು ಮಡಚದೆ ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದೇನೆ. ಹುಡುಗ ಆಮೇಲೆ ಎರಡು ಸಲ ಕೇಳಿದ, "ಮಾಷೇ, ಆ ಬಾವಿ ಮುಗಿಸುವನಾ?" ನಿಯಮದ ಪ್ರಕಾರ ರಾಜ ಬಂದ ಮೇಲೆ ಆಟವಿಲ್ಲ. ಬಾವ ಅನ್ನುತ್ತಾನೆ, ಮುಗಿಸಲೇಬೇಕು, ಬೇಕಿದ್ದರೆ ಹುಡುಗನೇ ಪದ್ಯ ಎತ್ತಲಿ. ತಂಗಿ ಅನ್ನುತ್ತಾಳೆ, ಅರ್ಧದಲ್ಲಿದ್ದರೇನೇ ಅದು ನಮ್ಮ ಊರಿನ ಬಾವಿ. ನಾನು ಇನ್ನೂ ಉತ್ತರ ಹೇಳಿಲ್ಲ.